ಹದಿಮೂರನೇ ಕುರ್ಚಿ

ಸ್ವಯಂಸೇವೆ ಮಾಡಿ ದಣಿದವರ ಪ್ರಕರಣ ನನ್ನ ಬಳಿ ಬಂದಿದ್ದು ಇದು ನಾಲ್ಕನೇ ಸಲ. ಅದಕ್ಕೇ ಬರೆಯುತ್ತಿದ್ದೇನೆ. ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಬಂದವರು ಸ್ವತಃ ಮನೋಚಿಕಿತ್ಸಕಿ. ಆರು ವರ್ಷದಿಂದ ತಮ್ಮ ವೃತ್ತಿ ಸಂಘದಲ್ಲಿ ಸ್ವಯಂಸೇವಕಿ. ಹೊಸ ಸದಸ್ಯರಿಗೆ ಫೋನ್ ಮಾಡುವುದು, ತಿಂಗಳ ಪ್ರಕರಣ ಚರ್ಚೆಗೆ (ಚಿಕಿತ್ಸಕರು ತಮ್ಮ ಕ್ಲೈಂಟ್‌ಗಳ ವಿಷಯ ಗುರುತು ಹೇಳದೆ ಹಂಚಿಕೊಳ್ಳುವ ಸಭೆಗೆ) ಜನ ಸೇರಿಸುವುದು, ಒಂಟಿಯಾಗಿ ಪ್ರಾಕ್ಟೀಸ್ ಮಾಡುವವರನ್ನು ಒಬ್ಬರಿಗೊಬ್ಬರು ಪರಿಚಯಿಸುವುದು, ಎಲ್ಲಾ ಇವರದೇ. ಈಗ ಸಂಘದ ಮೆಸೇಜ್ ಕಂಡರೇ ಸಿಟ್ಟು. "ಬಿಟ್ಟುಬಿಡಲಾ ಅಂತ ಕೇಳೋಕೆ ಬಂದೆ" ಎಂದರು.

ಎರಡು ಸೆಷನ್ ಸುಸ್ತಿನ ಮಾತಲ್ಲೇ ಕಳೆಯಿತು. ಮೂರನೆಯದರಲ್ಲಿ, ಸಭೆಯ ದಿನ ಏನೇನು ಮಾಡುತ್ತೀರಿ ಎಂದು ಸುಮ್ನೆ ಕೇಳಿದೆ.

"ಹನ್ನೆರಡು ಜನ ಬರ್ತಾರೆ. ಹನ್ನೆರಡು ಕುರ್ಚಿ ಹಾಕ್ತೀನಿ."

"ನಿಮ್ಮನ್ನೂ ಸೇರಿಸಿಯಾ?"

"ಇಲ್ಲ, ನಾನು ಬಾಗಿಲ ಹತ್ರ ನಿಂತಿರ್ತೀನಿ. ತಡವಾಗಿ ಬಂದವರಿಗೆ ತೆಗೀಬೇಕಲ್ವಾ?"

ಆರು ವರ್ಷದಲ್ಲಿ ನಿಮ್ಮ ಪ್ರಕರಣ ಎಷ್ಟು ಸಲ ಚರ್ಚೆಗೆ ಇಟ್ಟಿದ್ದೀರಿ ಎಂದೆ. ಒಮ್ಮೆಯೂ ಇಲ್ಲ. ಹಿಂದಿನ ವರ್ಷ ಬಹಳ ಕಾಲದ ಕ್ಲೈಂಟ್ ಒಬ್ಬರು ಹೇಳದೆ ಕೇಳದೆ ಬರುವುದನ್ನೇ ನಿಲ್ಲಿಸಿದ್ದರು. ಎಲ್ಲಿ ತಪ್ಪಿದೆ ಎಂದು ಇವರು ತಿಂಗಳುಗಟ್ಟಲೆ ಕೊರಗಿದ್ದರು. ಸಂಘದಲ್ಲಿ ಯಾರಿಗೂ ಗೊತ್ತಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರೆಲ್ಲ ನನಗೆ ಫೀಸಿಲ್ಲದ ಕ್ಲೈಂಟ್‌ಗಳಾಗಿಬಿಟ್ಟಿದ್ದಾರೆ" ಎಂದು ನಕ್ಕರು. ಆಮೇಲೆ ಅತ್ತರು.

ನಾನು ಬಿಡಿ ಎನ್ನಲಿಲ್ಲ. ಮೂರು ಕೆಲಸದಲ್ಲಿ ಇಷ್ಟವಾದ ಒಂದನ್ನು ಇಟ್ಟುಕೊಳ್ಳಿ, ಉಳಿದೆರಡನ್ನು ಬೇರೆಯವರಿಗೆ ಕೊಡಿ, ಹದಿಮೂರನೇ ಕುರ್ಚಿ ಹಾಕಿ ಎಂದೆ. ಪ್ರಕರಣ ಯಾರು ಹೇಳಬೇಕೆಂದು ಚೀಟಿ ಎತ್ತಿ, ಅದರಲ್ಲಿ ನಿಮ್ಮ ಹೆಸರೂ ಇರಲಿ. ಇದು ನನ್ನ ಉಪಾಯವೇನಲ್ಲ. 1902ರಲ್ಲಿ ವಿಯೆನ್ನಾದಲ್ಲಿ ಮನೋವಿಶ್ಲೇಷಣೆಯ ಜನಕ ಫ್ರಾಯ್ಡ್ ಮನೆಯಲ್ಲಿ ಬುಧವಾರ ಸಂಜೆ ಸೇರತೊಡಗಿದ ಗುಂಪೇ 1908ರಲ್ಲಿ ವಿಯೆನ್ನಾ ಮನೋವಿಶ್ಲೇಷಣಾ ಸಂಘವಾಯಿತು. ಚರ್ಚೆಯಲ್ಲಿ ಮಾತಾಡುವ ಸರದಿಗೆ ಅಲ್ಲಿ ಚೀಟಿ ಎತ್ತುತ್ತಿದ್ದರು. (ಆಮೇಲೆ ಜಗಳವಾಡಿ ಒಡೆದರು, ಅದು ಬೇರೆ ಮಾತು.)

ದಣಿದವರನ್ನು ಮತ್ತೆ ದುಡಿಯಲು ಕಳಿಸಿದ್ದೀರಿ ಎಂದು ಸಹೋದ್ಯೋಗಿಯೊಬ್ಬರು ನನ್ನನ್ನು ಆಕ್ಷೇಪಿಸಿದರು. ಸ್ವಯಂಸೇವೆ ಸುಡುತ್ತದೆ ಎನ್ನುವುದು ನನಗೆ ಗೊತ್ತಿಲ್ಲದ್ದಲ್ಲ. 1974ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರಾಯ್ಡನ್‌ಬರ್ಗರ್ 'ಬರ್ನ್‌ಔಟ್' (ದುಡಿದು ದುಡಿದು ಪೂರ್ತಿ ಬಳಲಿಹೋಗುವುದು) ಬಗ್ಗೆ ಬರೆದದ್ದೇ ಉಚಿತ ಕ್ಲಿನಿಕ್‌ನಲ್ಲಿ ದುಡಿಯುತ್ತಿದ್ದವರನ್ನು ನೋಡಿ. ಫ್ರಾಯ್ಡನ್‌ಬರ್ಗರ್ ಕೂಡ ಹಗಲು ಸ್ವಂತ ಪ್ರಾಕ್ಟೀಸ್ ಮುಗಿಸಿ ರಾತ್ರಿ ಅಲ್ಲಿಗೆ ಹೋಗುತ್ತಿದ್ದರು. ಆದರೆ ನಮ್ಮ ಕೆಲಸದಲ್ಲಿ ಕೇಳಿದ್ದನ್ನು ಮನೆಯಲ್ಲಿ ಹೇಳುವಂತಿಲ್ಲ, ಸ್ನೇಹಿತರಲ್ಲೂ ಹೇಳುವಂತಿಲ್ಲ. ಹೆಸರು, ಗುರುತು ತೆಗೆದು, ಎಚ್ಚರದಿಂದ ಹೇಳಿಕೊಳ್ಳಲು ಇರುವ ಜಾಗಗಳೇ ಕಡಿಮೆ. ಅಂಥ ಒಂದು ಜಾಗವನ್ನು ಇವರು ಆರು ವರ್ಷ ಕಟ್ಟಿದ್ದಾರೆ, ಒಳಗೆ ಕೂತೇ ಇಲ್ಲ. ರಾಜೀನಾಮೆ ಕೊಡಿಸಿದ್ದರೆ ನಿದ್ದೆ ಬರುತ್ತಿತ್ತೇನೋ. ಆ ಕ್ಲೈಂಟ್ ವಿಷಯ ಹೊಟ್ಟೆಯಲ್ಲೇ ಉಳಿಯುತ್ತಿತ್ತು.

ಫೋನ್ ಮಾಡುವುದನ್ನು ಅವರು ಇಟ್ಟುಕೊಂಡರು. ಜನ ಸೇರಿಸುವ ಕೆಲಸಕ್ಕೆ ಒಬ್ಬರು ಸಿಕ್ಕರು. ಪರಿಚಯದ ಕೆಲಸ ಯಾರೂ ವಹಿಸಿಕೊಳ್ಳದೆ ನಿಂತೇಹೋಯಿತು. ಅದನ್ನು ಸಹಿಸುವುದೇ ಅವರಿಗೆ ಜಾಸ್ತಿ ಕಷ್ಟವಾಯಿತು.

ಮೂರನೇ ತಿಂಗಳು ಅವರ ಚೀಟಿ ಬಂತು. ಅವರು ಮಾತಾಡುತ್ತಿದ್ದಾಗ ಯಾರೋ ಬಾಗಿಲು ತಟ್ಟಿದರಂತೆ. ಇವರು ಅರ್ಧ ಎದ್ದರು. ಅಷ್ಟರಲ್ಲಿ ಬೇರೊಬ್ಬರು ಹೋಗಿ ತೆಗೆದರು.

"ಚಿಲಕ ಸರಿಯಾಗಿ ಹಾಕಲಿಲ್ಲ ಅವರು" ಎಂದರು ನನ್ನ ಬಳಿ.