‘ಟೇಬಲ್’ ಮಾಡುವುದು ಅಂದ್ರೆ ಮುಂದಿಡುವುದಾ, ಮುಂದೂಡುವುದಾ?

‘ಲೆಟ್ಸ್ ಟೇಬಲ್ ದಿಸ್’ ಅಂತ ಮ್ಯಾನೇಜರ್ ಮೇಲ್ ಕಳಿಸಿದ್ದಾರೆ, ಏನರ್ಥ ಅಂತ ಕೇಳಿದ್ದೀರಲ್ಲ, ಮೊದಲು ಅವರು ಯಾವ ದೇಶದವರು ಅಂತ ನೋಡಿ. ತಮಾಷೆಯಲ್ಲ! ಬ್ರಿಟಿಷರಾದರೆ ವಿಷಯವನ್ನು ಚರ್ಚೆಗೆ ಮುಂದಿಡೋಣ ಅಂತ. ಅಮೆರಿಕದವರಾದರೆ ಸದ್ಯಕ್ಕೆ ಬೇಡ, ಮುಂದೂಡೋಣ ಅಂತ. ಪೂರ್ತಿ ಉಲ್ಟಾ ಅಲ್ವಾ? ಎರಡನೇ ಮಹಾಯುದ್ಧದ ಸಮಯದಲ್ಲಿ ಬ್ರಿಟನ್ ಮತ್ತು ಅಮೆರಿಕದ ಅಧಿಕಾರಿಗಳು ಈ ಒಂದು ಪದಕ್ಕೇ ಸಭೆಯಲ್ಲಿ ತುಂಬಾ ಹೊತ್ತು ಜಗ್ಗಾಡಿದ್ದರು ಅಂತ ಚರ್ಚಿಲ್ ಅವರೇ ಬರೆದಿದ್ದಾರೆ. ಕೊನೆಗೆ ನೋಡಿದರೆ ಇಬ್ಬರಿಗೂ ಬೇಕಿದ್ದದ್ದು ಒಂದೇ! ಮೇಲ್‌ನಲ್ಲಿ ‘ಫಾರ್ ನೌ’ ಅಂತ ಇದ್ದರೆ ಮುಂದೂಡಿದ್ದಾರೆ ಅಂದುಕೊಳ್ಳಿ. ಇಲ್ಲದಿದ್ದರೆ ‘ಈಗಲೇ ಮಾತಾಡೋಣವಾ, ಆಮೇಲಾ?’ ಅಂತ ಸುಮ್ನೆ ಕೇಳಿಬಿಡಿ. ನಾನಂತೂ ಆ ಪದದ ತಂಟೆಗೇ ಹೋಗುವುದಿಲ್ಲ.