ಕಲ್ಲಿಗೆ ಹೊಳಪು, ಹಿತ್ತಾಳೆಗೆ ಹೊಳಪು: ಓದುಗರ ಪ್ರಶ್ನೆಗಳು

ಪ್ರಶ್ನೆ: ಕೃಷ್ಣಾ ನದಿ ದಂಡೆಯಲ್ಲಿ ಹೆಕ್ಕಿದ ಕಲ್ಲುಗಳು ನನ್ನ ಹತ್ತಿರ ಎರಡು ಡಬ್ಬದಷ್ಟಿವೆ. ನೀರಲ್ಲಿ ಅದ್ದಿದರೆ ಕೆಂಪು, ಜೇನಿನ ಬಣ್ಣ, ಬಿಳಿ ಪಟ್ಟೆ ಎಲ್ಲ ಕಾಣುತ್ತದೆ. ಒಣಗಿದರೆ ಬರೀ ಬೂದು. ಡ್ರಮ್ಮು ತಿರುಗಿಸಿ ಪಾಲಿಶ್ ಮಾಡುವ ಟಂಬ್ಲರ್ ಯಂತ್ರ ತಗೋಬೇಕು ಅಂತಿದ್ದೇನೆ. ಎಂಥದ್ದು ತಗೊಳ್ಳಲಿ?
– ನಿವೃತ್ತ ಶಿಕ್ಷಕರು, ವಿಜಯಪುರ ಜಿಲ್ಲೆ

ಉತ್ತರ: ಸರ್, ಯಂತ್ರ ಆಮೇಲೆ ನೋಡೋಣ. ಮೊದಲು ಆ ಎರಡು ಡಬ್ಬ ಒಂದು ಹಳೇ ಚಾದರದ ಮೇಲೆ ಸುರುವಿ ಕಲ್ಲು ಆರಿಸಿ. ಕೆಲಸದ ಅರ್ಧ ಭಾಗ ಇಲ್ಲೇ ಮುಗಿಯುತ್ತದೆ.

ನಿಮ್ಮ ಕಡೆ ನೆಲದಡಿ ಇರುವುದು ದಖನ್ನಿನ ಲಾವಾ ಕಲ್ಲು. ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾ ಆರುವಾಗ ಅದರೊಳಗೆ ಗಾಳಿಗುಳ್ಳೆಗಳು ಉಳಿದವು, ಆ ಪೊಳ್ಳುಗಳಲ್ಲಿ ಆಮೇಲೆ ಸಿಲಿಕಾ ಪದರ ಪದರವಾಗಿ ಕೂತು ಅಗೇಟ್ ಆಯಿತು. ನಿಮ್ಮ ಪಟ್ಟೆ ಕಲ್ಲುಗಳು ಬಹುಶಃ ಅವೇ. ಟಂಬ್ಲರಿಗೆ ಇದಕ್ಕಿಂತ ಒಳ್ಳೆ ಕಲ್ಲು ಬೇಕಿಲ್ಲ. ಆದರೆ ಅದೇ ದಂಡೆಯಲ್ಲಿ ಸುಣ್ಣದ ಕಲ್ಲೂ ಇರುತ್ತದೆ, ನಾವು ನೆಲಕ್ಕೆ ಹಾಕುವ ಶಹಾಬಾದ್ ಕಲ್ಲಿನ ಜಾತಿಯದ್ದು. ಗಡಸುತನದ ಮೋಸ್ ಅಳತೆಯಲ್ಲಿ ಅಗೇಟು 7ರ ಹತ್ತಿರ, ಸುಣ್ಣದ ಕಲ್ಲು 3. ಎರಡನ್ನೂ ಒಂದೇ ಡ್ರಮ್ಮಿಗೆ ಹಾಕಿದರೆ ಮೆತ್ತನೆಯದ್ದು ಸವೆದು ಕೆಸರಾಗುತ್ತದೆ, ಆ ಕೆಸರಲ್ಲಿ ಗಟ್ಟಿ ಕಲ್ಲು ಸರಿಯಾಗಿ ಉಜ್ಜಿಕೊಳ್ಳುವುದೂ ಇಲ್ಲ.

ಪರೀಕ್ಷೆ ಸುಲಭ. ಒಂದು ಗಟ್ಟಿ ಉಕ್ಕಿನ ಮೊಳೆ ತಗೊಂಡು ಒತ್ತಿ ಗೀರಿ. ಗೆರೆ ಕಂಡ ಕೂಡಲೇ ಕಲ್ಲು ಎಸೆಯಬೇಡಿ. ಹೆಬ್ಬೆರಳು ಒದ್ದೆ ಮಾಡಿ ಆ ಗೆರೆ ಉಜ್ಜಿ. ಅಳಿಸಿ ಹೋದರೆ ಅದು ಮೊಳೆಯ ಲೋಹ ಮೆತ್ತಿದ್ದು ಅಷ್ಟೇ, ಕಲ್ಲು ಗಟ್ಟಿ. ಉಗುರಿಗೆ ತಗಲುವ ಹಾಗೆ ಗೆರೆ ಉಳಿದರೆ ಬೇರೆ ಇಡಿ. ಬಿರುಕಿರುವುದು, ಗುಳಿ ಜಾಸ್ತಿ ಇರುವುದು, ಅವನ್ನೂ ಬೇರೆ ಇಡಿ, ಯಾಕೆಂದರೆ ಕಲ್ಲು ಉಜ್ಜಲು ಡ್ರಮ್ಮಿಗೆ ಹಾಕುವ ಒರಟು ಪುಡಿ ಗುಳಿಯಲ್ಲಿ ಕೂತು ಕೊನೆಯ ಪಾಲಿಶ್ ತನಕ ಜೊತೆಗೇ ಬಂದು ಎಲ್ಲ ಕಲ್ಲಿಗೂ ಗೀರು ಹಾಕುತ್ತದೆ. ಇನ್ನೊಂದು ಮಾತು ಮನಸ್ಸಿಟ್ಟು ಹೇಳುತ್ತೇನೆ. ಉತ್ತರ ಕರ್ನಾಟಕದ ನದಿ ಕಣಿವೆಗಳಲ್ಲಿ, ಹುಣಸಗಿ ಸುತ್ತಮುತ್ತ ಅಂತೂ, ಶಿಲಾಯುಗದ ಕಲ್ಲಿನ ಆಯುಧಗಳು ಸಿಕ್ಕಿವೆ. ಬೇಕಂತಲೇ ಚಕ್ಕೆ ತೆಗೆದು ಅಂಚು ಮಾಡಿದ ಹಾಗೆ ಕಾಣುವ ಕಲ್ಲನ್ನು ದಯವಿಟ್ಟು ಡ್ರಮ್ಮಿಗೆ ಹಾಕಬೇಡಿ. ದಂಡೆಯಲ್ಲಿ ಕಂಡರೆ ಇದ್ದಲ್ಲೇ ಬಿಡಿ, ಡಬ್ಬದಲ್ಲಿದ್ದರೆ ಗೊತ್ತಿದ್ದವರಿಗೆ ತೋರಿಸಿ.

ಈಗ ಯಂತ್ರಕ್ಕೆ ಬರೋಣ. ನಾನು ಮೊದಲು ನೋಡುವುದು ಡ್ರಮ್ಮನ್ನ. ರಬ್ಬರಿನದ್ದೇ ಇರಲಿ. ಪ್ಲಾಸ್ಟಿಕ್ ಡ್ರಮ್ಮು ಅಗ್ಗ, ಆದರೆ ರಾತ್ರಿ ಹಗಲು ಅದರ ಸದ್ದು ಕೇಳುತ್ತಾ ಮನೆಯಲ್ಲಿ ಇರೋದು ಕಷ್ಟ. ಕಲ್ಲಿಗೂ ಪೆಟ್ಟು ಜಾಸ್ತಿ. ಒಂದೂವರೆ ಕಿಲೋ ಹಿಡಿಯುವುದು ಮನೆಗೆ ಸಾಕು. ವಿದೇಶದಿಂದ ತರಿಸುವುದಾದರೆ ಮೋಟರು 230 ವೋಲ್ಟಿನದ್ದಾ, 110 ವೋಲ್ಟಿನದ್ದಾ ಅಂತ ದುಡ್ಡು ಕೊಡುವ ಮುಂಚೆ ನೋಡಿ. ಬೆಲ್ಟು ಹೆಚ್ಚಿಗೆ ಎರಡು ತಗೊಳ್ಳಿ, ಹೋಗುವುದೇ ಅದು. ಲೈಟು, ಟೈಮರು ಇವೆಲ್ಲ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ವೇಗ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅನ್ನುವ ಮಾತು ನಂಬಬೇಡಿ. ವೇಗ ಮಿತಿ ಮೀರಿದರೆ ಕಲ್ಲು ಜಾರಿ ಉಜ್ಜಿಕೊಳ್ಳುವ ಬದಲು ಮೇಲಕ್ಕೆ ಹೋಗಿ ಬೀಳುತ್ತದೆ, ಬಿದ್ದರೆ ಅಂಚು ಒಡೆಯುತ್ತದೆ. ಕರೆಂಟಿನ ಚಿಂತೆ ಬೇಡ. 25 ವ್ಯಾಟಿನ ಮೋಟರು ದಿನವಿಡೀ ತಿರುಗಿದರೂ 0.6 ಯೂನಿಟ್, ಅಂದರೆ ತಿಂಗಳಿಗೆ 18.

ಪ್ರಶ್ನೆ: ಟಂಬ್ಲರಿನಲ್ಲಿ ಕಲ್ಲು ಹಾಕಿ ನಾಲ್ಕು ವಾರ ಓಡಿಸಿದೆ. ನೀರಿಂದ ತೆಗೆದಾಗ ಫಳಫಳ ಅನ್ನುತ್ತಿತ್ತು, ಒಣಗಿದ ಮೇಲೆ ಮಂಕು. ಎಲ್ಲಿ ತಪ್ಪಿದೆ?
– ಗೃಹಿಣಿ, ಹುಬ್ಬಳ್ಳಿ

ಉತ್ತರ: ಮೇಡಂ, ಎಲ್ಲರೂ ಎಡವುವ ಜಾಗ ಇದು, ನನ್ನ ಮೊದಲ ಡ್ರಮ್ಮೂ ಹೀಗೇ ಆಗಿತ್ತು. ನೀವು ನಾಲ್ಕು ಹಂತಕ್ಕೆ ಒಂದೊಂದು ವಾರ ಅಂತ ಲೆಕ್ಕ ಹಾಕಿ ಓಡಿಸಿರುತ್ತೀರಿ, ಅಲ್ವಾ? ಪುಡಿಯ ಜೊತೆ ಬರುವ ಚೀಟಿಯಲ್ಲಿ ಹಾಗೇ ಇರುತ್ತದೆ. ಆದರೆ ಮೊದಲ ಹಂತಕ್ಕೆ ವಾರದ ಲೆಕ್ಕ ಇಲ್ಲ. ಕಲ್ಲು ಹೇಳಿದಾಗ ಮುಗಿಯುತ್ತದೆ.

ಮೊದಲ ಹಂತ 60/90 ನಂಬರಿನ ಸಿಲಿಕಾನ್ ಕಾರ್ಬೈಡ್ ಪುಡಿ, ಅಂದರೆ ಉಜ್ಜುವ ಒರಟು ಪುಡಿ (ನಂಬರು ಹೆಚ್ಚಿದಷ್ಟೂ ಪುಡಿ ನುಣ್ಣಗೆ). ಡ್ರಮ್ಮಿನ ಮೂರರಲ್ಲಿ ಎರಡು ಭಾಗದಿಂದ ಮುಕ್ಕಾಲು ಭಾಗದವರೆಗೆ ಕಲ್ಲು ಇರಬೇಕು, ದೊಡ್ಡದು ಚಿಕ್ಕದು ಸೇರಿ. ನೀರು ಮೇಲಿನ ಕಲ್ಲಿನ ಮಟ್ಟಕ್ಕಿಂತ ಸ್ವಲ್ಪ ಕೆಳಗೆ. ಒಂದು ಕಿಲೋ ಕಲ್ಲಿಗೆ ಮೂರ್ನಾಲ್ಕು ದೊಡ್ಡ ಚಮಚ ಪುಡಿ. ವಾರಕ್ಕೊಮ್ಮೆ ತೆಗೆದು ತೊಳೆದು, ಒಣಗಿಸಿ, ಬೆಳಕಿಗೆ ಹಿಡಿದು ನೋಡಿ. ಒದ್ದೆ ಕಲ್ಲು ಸುಳ್ಳು ಹೇಳುತ್ತದೆ, ಒಣಗಿದ್ದು ಹೇಳುವುದಿಲ್ಲ. ಗುಳಿ, ಚೂಪು ಅಂಚು ಇನ್ನೂ ಇದ್ದ ಕಲ್ಲು ಹೊಸ ಪುಡಿ ಜೊತೆ ಮತ್ತೆ ಒಳಗೆ. ನನ್ನ ಜೇನಿನ ಬಣ್ಣದ ಒಂದು ಅಗೇಟು ಐದು ವಾರ ಮೊದಲ ಹಂತದಲ್ಲೇ ಇತ್ತು. ತಳದಲ್ಲಿ ಅಕ್ಕಿಕಾಳಿನಷ್ಟು ಒಂದು ತಗ್ಗು, ಅದು ಹೋಗುವ ತನಕ ಬಿಡಲಿಲ್ಲ. ಈಗ ಅದನ್ನು ಕಿಟಕಿಗೆ ಹಿಡಿದರೆ ಒಳಗಿನ ಪಟ್ಟೆಗಳು ಒಂದರ ಹಿಂದೆ ಒಂದು ಎಣಿಸುವ ಹಾಗೆ ಕಾಣುತ್ತವೆ.

ಆಮೇಲೆ 120/220, ಆಮೇಲೆ 500, ಕೊನೆಗೆ ಅಲ್ಯುಮಿನಿಯಂ ಆಕ್ಸೈಡ್ ಪಾಲಿಶ್ ಪುಡಿ. ಇವುಗಳಿಗೆ ವಾರ ವಾರ ಸಾಕು. ನಿಮ್ಮ ಮಂಕಿಗೆ ಎರಡನೇ ಕಾರಣ ಇಲ್ಲಿರಬಹುದು. ಹಿಂದಿನ ಹಂತದ ಒಂದೇ ಒಂದು ಚಿಟಿಕೆ ಪುಡಿ ಮುಚ್ಚಳದ ಸಂದಿಯಲ್ಲಿ ಉಳಿದರೂ ಪಾಲಿಶ್ ಕೆಡುತ್ತದೆ. ಹಳೇ ಹಲ್ಲುಜ್ಜುವ ಬ್ರಷ್ಷಿಂದ ಪ್ರತಿ ಕಲ್ಲು, ಡ್ರಮ್ಮು, ಮುಚ್ಚಳದ ಅಂಚು ಎಲ್ಲ ಉಜ್ಜಬೇಕು. ಬೇಜಾರಿನ ಕೆಲಸ, ಆದರೆ ಹೊಳಪು ಬರುವುದೇ ಇದರಿಂದ. ಪಾಲಿಶ್ ಹಂತಕ್ಕೆ ಬೇರೆ ಡ್ರಮ್ಮೇ ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ಕಲ್ಲು ಸವೆದು ಡ್ರಮ್ಮು ಖಾಲಿ ಖಾಲಿ ಆಗಿದ್ದರೆ ಸೆರಾಮಿಕ್ ಗುಂಡು ಹಾಕಿ ತುಂಬಿಸಿ. ಕಿವಿಯಿಂದಲೂ ಗೊತ್ತಾಗುತ್ತದೆ: ಒಂದೇ ಸಮನೆ ಸೊರ ಸೊರ ಅಂದರೆ ಸರಿ, ಟಕ್ ಟಕ್ ಅಂದರೆ ಕಲ್ಲು ಬೀಳುತ್ತಿದೆ.

ತೊಳೆದ ಕೆಸರನ್ನು ಸಿಂಕಿಗೆ, ಚರಂಡಿಗೆ ಸುರಿಯಲೇಬೇಡಿ. ಪೈಪಿನೊಳಗೆ ಸಿಮೆಂಟಿನ ಹಾಗೆ ಗಟ್ಟಿಯಾಗುತ್ತದೆ. ಒಂದು ಬಕೆಟ್ಟಲ್ಲಿ ತಿಳಿಯಾಗಲು ಬಿಟ್ಟು, ತಳದ ಕೆಸರು ಒದ್ದೆ ಇರುವಾಗಲೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಟ್ಟಿ ಕಸಕ್ಕೆ ಕೊಡಿ. ಒಣಗಿದ ಸಿಲಿಕಾ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಅದನ್ನ ಗುಡಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಕೆಲವು ಕಲ್ಲಿಂದ ಡ್ರಮ್ಮಿನೊಳಗೆ ಗ್ಯಾಸೂ ತುಂಬುತ್ತದೆ. ಮೊದಲೆರಡು ದಿನ ಒಂದೊಂದು ಸಲ ಮುಚ್ಚಳ ತೆಗೆದು ಹಾಕಿ.

ಪ್ರಶ್ನೆ: ಅದೇ ಯಂತ್ರದಲ್ಲಿ ದೇವರ ಮನೆಯ ಹಿತ್ತಾಳೆ ಸಾಮಾನು, ಗೆಜ್ಜೆ ಹೊಳೆಸಬಹುದಾ? ಹುಣಸೆಹಣ್ಣು ಹಾಕಿ ತಿಕ್ಕಿ ಸಾಕಾಗಿದೆ.
– ಓದುಗರು, ಶಿವಮೊಗ್ಗ

ಉತ್ತರ: ಕಲ್ಲು ಓಡಿಸಿದ ಡ್ರಮ್ಮಿನಲ್ಲಿ ಮಾತ್ರ ಬೇಡ. ರಬ್ಬರಲ್ಲಿ ಕಚ್ಚಿಕೊಂಡ ಪುಡಿ ಹಿತ್ತಾಳೆಯನ್ನು ಗೀರಿಬಿಡುತ್ತದೆ. ಬೇರೆ ಡ್ರಮ್ಮು ಇದ್ದರೆ ಹಿತ್ತಾಳೆಯ ಸ್ಕ್ರೂ, ಕೊಂಡಿ, ಕೀಲು, ಗುಂಡಿ ಇಂಥ ಚಿಕ್ಕ ಗಟ್ಟಿ ಸಾಮಾನು ಚೆನ್ನಾಗಿ ಹೊಳೆಯುತ್ತದೆ. ಸ್ಟೀಲಿನ ಸಣ್ಣ ಪಿನ್ನು, ನೀರು, ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್, ಒಂದು ಚಿಟಿಕೆ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಹಾಕಿ ಒಂದೆರಡು ಗಂಟೆ ತಿರುಗಿಸಿ. ನಿಂಬೆ ಉಪ್ಪು ಜಾಸ್ತಿಯಾದರೆ ಹಿತ್ತಾಳೆ ತಾಮ್ರದ ಹಾಗೆ ಕೆಂಪಗಾಗುತ್ತದೆ. ತೆಗೆದ ಕೂಡಲೇ ತೊಳೆದು ಒರೆಸಿ ಒಣಗಿಸಿ. ನೀರಿಲ್ಲದೆ ಮಾಡುವುದಾದರೆ ಅಕ್ರೋಟಿನ ಚಿಪ್ಪಿನ ತರಿ ಹಾಕುತ್ತಾರೆ.

ಗೆಜ್ಜೆ ಹಾಕಬೇಡಿ. ಅದರ ಸೀಳಿನಿಂದ ಪಿನ್ನಾಗಲಿ ತರಿಯಾಗಲಿ ಒಳಗೆ ಹೋಗಿ ಗುಂಡಿನ ಜೊತೆ ಸಿಕ್ಕಿಕೊಳ್ಳುತ್ತದೆ, ಆಮೇಲೆ ನಾದವೇ ಬದಲಾಗುತ್ತದೆ. ವಿಗ್ರಹವನ್ನಂತೂ ಬೇಡವೇ ಬೇಡ. ಕಣ್ಣು, ಮೂಗು, ಒಡವೆಯ ಗೆರೆ ಎಲ್ಲ ಸವೆಯುತ್ತದೆ, ಸವೆದದ್ದು ವಾಪಸ್ ಬರುವುದಿಲ್ಲ. ಇವೆರಡಕ್ಕೆ ನಿಮ್ಮ ಹುಣಸೆಹಣ್ಣೇ ಸರಿ.

ಪ್ರಶ್ನೆ: ಹಾಸ್ಟೆಲ್‌ನಲ್ಲಿದ್ದೇನೆ, ಯಂತ್ರ ಇಡಲು ಆಗುವುದಿಲ್ಲ. ಕೈಯಲ್ಲೇ ಕಲ್ಲಿಗೆ ಪಾಲಿಶ್ ಬರಿಸಬಹುದಾ?
– ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ಖಂಡಿತ ಬರಿಸಬಹುದಮ್ಮ. ಗುಜರಾತಿನ ಖಂಭಾತ್‌ನಲ್ಲಿ ಅಗೇಟ್ ಮಣಿ ಮಾಡುವವರು ಮೋಟರ್ ಬರುವ ಮುಂಚೆ ಮಣಿಗಳನ್ನು ಎಮರಿ ಅನ್ನುವ ಗಟ್ಟಿ ಕಲ್ಲಿನ ಪುಡಿ, ನೀರಿನ ಜೊತೆ ಚರ್ಮದ ಚೀಲಕ್ಕೆ ತುಂಬಿ, ಎದುರು ಬದುರು ಇಬ್ಬರು ಕೂತು ಅತ್ತಿಂದಿತ್ತ ಹತ್ತು ಹದಿನೈದು ದಿನ ಉರುಳಿಸುತ್ತಿದ್ದರು. ಟಂಬ್ಲರ್ ಮಾಡುವ ಕೆಲಸವೇ ಅದು.

ನೀನು ಅಗೇಟಿಂದ ಶುರು ಮಾಡಬೇಡ, ಕೈ ನೋಯುತ್ತದೆ. ಮೇಲೆ ಶಿಕ್ಷಕರಿಗೆ ಬೇರೆ ಇಡಿ ಅಂದೆನಲ್ಲ, ಆ ಸುಣ್ಣದ ಕಲ್ಲೇ ನಿನಗೆ ಬೇಕಾದ್ದು. ನಿಮ್ಮ ಕಡೆ ಶಹಾಬಾದ್ ಕಲ್ಲಿನ ಚೂರಿಗೆ ಬರವಿಲ್ಲ. ಪೇಂಟ್ ಅಂಗಡಿಯಲ್ಲಿ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಸ್ಯಾಂಡ್ ಪೇಪರ್) ಕೇಳು: 120, 220, 400, 800, 1200, ಒಂದೊಂದು ಹಾಳೆ. ತಟ್ಟೆಯಲ್ಲಿ ನೀರಿಟ್ಟುಕೊಂಡು ಕಲ್ಲು ಒದ್ದೆ ಮಾಡಿ ಉಜ್ಜು. ಒಂದು ನಂಬರಿನ ಗೀರು ಪೂರ್ತಿ ಹೋಗದೆ ಮುಂದಿನದಕ್ಕೆ ಹೋಗಬೇಡ, ನಡುವೆ ಕಲ್ಲು, ಕೈ, ತಟ್ಟೆ ತೊಳೆ. 1200 ಮುಗಿದ ಮೇಲೆ ಹಳೇ ಜೀನ್ಸ್ ಬಟ್ಟೆಯಿಂದ ಜೋರಾಗಿ ತಿಕ್ಕು. ಹೆಬ್ಬೆರಳಷ್ಟು ಕಲ್ಲಿಗೆ ಒಂದು ಭಾನುವಾರ ಸಾಕು.