ಮೋಟಾರು ಗುನುಗುತ್ತದೆ, ಮುಂದೆ ಸಾಗುವುದಿಲ್ಲ

ಪ್ರಶ್ನೆ: ಬಾಗಿಲುಗಳ ಮೇಲೆ ಕೆತ್ತನೆ ಮಾಡಲು ನಾಲ್ಕು ವರ್ಷಗಳಿಂದ ಕಂಪ್ಯೂಟರ್ ನಡೆಸುವ ಕೆತ್ತನೆ ಯಂತ್ರವಾದ ಒಂದು ಸಿಎನ್‌ಸಿ ರೌಟರ್ ಬಳಸುತ್ತಿದ್ದೇನೆ. ಕಳೆದ ತಿಂಗಳಿಂದ ಅದರ ಎಕ್ಸ್ ಅಕ್ಷದ (ಎಡಬಲ ಚಲನೆಯ) ಸ್ಟೆಪ್ಪರ್ ಮೋಟಾರು, ಅಂದರೆ ಹೆಜ್ಜೆ ಹೆಜ್ಜೆಯಾಗಿ ತಿರುಗುವ ಮೋಟಾರು, ನಡುನಡುವೆ ಗುರ್ ಎಂದು ನಡುಗುತ್ತಾ ನಿಂತಲ್ಲೇ ನಿಲ್ಲುತ್ತದೆ. ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದರೆ ಸ್ವಲ್ಪ ಹೊತ್ತು ಸರಿಯಾಗಿರುತ್ತದೆ. ಮೋಟಾರು, ಅದಕ್ಕೆ ಕರೆಂಟು ಕೊಡುವ ಡ್ರೈವರ್ ಎರಡನ್ನೂ ಬದಲಿಸಬೇಕೆಂದು ರಿಪೇರಿಯವರು ಹೇಳುತ್ತಾರೆ. ಬದಲಿಸಲೇ?
– ಓದುಗರೊಬ್ಬರು, ಸಾಗರ

ಉತ್ತರ: ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ. ಬ್ರಷ್ಷುಗಳಿಲ್ಲದ ಸ್ಟೆಪ್ಪರ್ ಮೋಟಾರಿನಲ್ಲಿ ಸವೆಯುವ ಭಾಗವೆಂದರೆ ಬೇರಿಂಗ್ ಮಾತ್ರ, ಆದ್ದರಿಂದ ಅನುಮಾನದ ಸಾಲಿನಲ್ಲಿ ಅದನ್ನು ಕೊನೆಗೆ ನಿಲ್ಲಿಸುವುದೇ ಸರಿ. ನೀವು ವಿವರಿಸಿದ ನಡುಕವು ಎರಡು ಸುರುಳಿಗಳ ಪೈಕಿ ಒಂದಕ್ಕೆ ವಿದ್ಯುತ್ ತಲುಪದಿರುವುದರ ಲಕ್ಷಣ. ಇಂಥ ಮೋಟಾರು ಸಾಮಾನ್ಯವಾಗಿ ಒಂದು ಹೆಜ್ಜೆಗೆ 1.8 ಡಿಗ್ರಿಯಂತೆ 200 ಹೆಜ್ಜೆಗಳಲ್ಲಿ ಒಂದು ಸುತ್ತು ಮುಗಿಸುತ್ತದೆ. ಯಾವ ಕಡೆಗೆ ತಿರುಗಬೇಕೆಂಬುದನ್ನು ಎರಡೂ ಸುರುಳಿಗಳ ಕರೆಂಟು ಸೇರಿ ನಿರ್ಧರಿಸುವುದರಿಂದ, ಒಂದು ಸುರುಳಿ ಸತ್ತರೆ ಮೋಟಾರು ದಿಕ್ಕು ತಿಳಿಯದೆ ಅಲ್ಲೇ ತೊನೆಯುತ್ತದೆ.

ಆ ಸುರುಳಿಗೆ ವಿದ್ಯುತ್ ತಪ್ಪುವುದೆಲ್ಲಿ? ನನ್ನ ಮೊದಲ ಅನುಮಾನ, ಕೆತ್ತುವ ಸ್ಪಿಂಡಲನ್ನು ಹೊತ್ತು ಸಾಗುವ ಅಡ್ಡತೊಲೆ, ಅಂದರೆ ಗ್ಯಾಂಟ್ರಿಯೊಂದಿಗೆ ದಿನವಿಡೀ ಮಡಚಿ ಬಿಚ್ಚುವ ಕೇಬಲ್ ಚೈನಿನೊಳಗಿನ ತಂತಿಯ ಮೇಲೆ. ಹೊರಗಿನ ಪ್ಲಾಸ್ಟಿಕ್ ಹೊದಿಕೆ ಅಖಂಡವಾಗಿದ್ದರೂ ಒಳಗಿನ ತಾಮ್ರದ ಎಳೆಗಳು ಒಂದೊಂದಾಗಿ ತುಂಡಾಗಿರುತ್ತವೆ. ಚೈನು ಒಂದು ನಿರ್ದಿಷ್ಟ ಬಾಗಿಗೆ ಬಂದಾಗ ಮಾತ್ರ ಸಂಪರ್ಕ ಕಡಿಯುತ್ತದೆ.

ಪರೀಕ್ಷೆ ಹೀಗಿರಲಿ. ಯಂತ್ರದ ವಿದ್ಯುತ್ ಆರಿಸಿ, ಡ್ರೈವರಿನ ದೀಪ ಪೂರ್ತಿ ನಂದುವವರೆಗೆ ಕಾಯ್ದು, ಡ್ರೈವರಿನ ಬಳಿ ಮೋಟಾರಿನ ನಾಲ್ಕು ತಂತಿಗಳನ್ನು ಬಿಚ್ಚಿ. ವಿದ್ಯುತ್ ಇರುವಾಗ ಈ ತಂತಿಗಳನ್ನು ಎಂದೂ ಕೀಳಬೇಡಿ, ಆ ಕ್ಷಣದಲ್ಲಿ ಏಳುವ ವೋಲ್ಟೇಜು ಡ್ರೈವರನ್ನೇ ಸುಡಬಲ್ಲದು. ಚೈನಿನೊಳಗೆ ತಾನಾಗಿ ಕಡಿಯುವ ತಂತಿ ಮಾಡುವುದೂ ಇದೇ ಕೆಲಸವನ್ನು. ಕೇಬಲ್ ನೋಡದೆ ಹೊಸ ಡ್ರೈವರ್ ಹಾಕಿದವರು ಇನ್ನೊಂದನ್ನೂ ಕೊಳ್ಳಬೇಕಾಗುವುದು ಇದರಿಂದಲೇ.

ಮಲ್ಟಿಮೀಟರಿನಲ್ಲಿ ಒಂದೊಂದು ಸುರುಳಿಯ ತಂತಿ ಜೋಡಿಯ ರೋಧವನ್ನು ಅಳೆಯಿರಿ. ನಿಮ್ಮದು ನೆಮಾ 23 ಅಳತೆಯ, 4 ಆಂಪಿಯರ್ ಆಸುಪಾಸಿನ ಮೋಟಾರಾಗಿದ್ದರೆ ಎರಡೂ ಜೋಡಿಗಳು ಸುಮಾರು 1 ಓಮ್‌ನಷ್ಟು, ಬಹುತೇಕ ಸಮನಾಗಿ ತೋರಿಸಬೇಕು. ಒಂದು ಜೋಡಿಯಿಂದ ಇನ್ನೊಂದಕ್ಕಾಗಲಿ, ಮೋಟಾರಿನ ಮೈಗಾಗಲಿ ಸಂಪರ್ಕ ಇರಕೂಡದು. ಇಷ್ಟಕ್ಕೇ ನಿಲ್ಲಿಸಿದರೆ ಎಲ್ಲವೂ ಸರಿಯಿದೆ ಎಂದೇ ಕಾಣಬಹುದು. ಮೀಟರಿನ ಕಡ್ಡಿಗಳನ್ನು ಹಾಗೆಯೇ ಹಿಡಿದು, ಸಹಾಯಕರಿಂದ ಗ್ಯಾಂಟ್ರಿಯನ್ನೂ ಎಕ್ಸ್ ಅಕ್ಷವನ್ನೂ ಕೈಯಿಂದ ಒಂದು ಗೇಣು ಸರಿಸಿಸಿ, ನಿಂತ ಮೇಲೆ ಓದಿ, ಮತ್ತೊಂದು ಗೇಣು ಸರಿಸಿಸಿ. ಸರಿಯುತ್ತಿರುವಾಗ ಓದಿದರೆ ಮೋಟಾರೇ ಪುಟ್ಟ ಜನರೇಟರಾಗಿ ಮೀಟರನ್ನು ಕುಣಿಸುತ್ತದೆ, ಆ ಅಂಕಿಯನ್ನು ನಂಬಬೇಡಿ. ನಿಂತಲ್ಲೂ ಓದು ಅನಂತಕ್ಕೆ ಹಾರಿದರೆ ಕಳ್ಳ ಸಿಕ್ಕಿದಂತೆಯೇ. ಆಗ ಚೈನಿನೊಳಗೆ ಬೆಸುಗೆ ಹಾಕಿ ಟೇಪು ಸುತ್ತದೆ, ಸತತ ಬಾಗುವಿಕೆಗೆಂದೇ ತಯಾರಾದ ನಾಲ್ಕು ತಂತಿಗಳ ಕೇಬಲನ್ನು ಉದ್ದಕ್ಕೂ ಹೊಸದಾಗಿ ಹಾಕಿಸಿ.

ಕೇಬಲ್ ನಿರ್ದೋಷಿಯಾದರೆ ಅದಲುಬದಲು ಪರೀಕ್ಷೆ ಮಾಡಿ. ಎಕ್ಸ್ ಮತ್ತು (ಸ್ಪಿಂಡಲನ್ನು ಮೇಲೆ ಕೆಳಗೆ ಸರಿಸುವ) ಝಡ್ ಮೋಟಾರುಗಳು ಒಂದೇ ಅಳತೆಯವಾಗಿದ್ದರೆ, ವಿದ್ಯುತ್ ಆರಿಸಿ ಡ್ರೈವರಿನ ಬಳಿ ಅವುಗಳ ತಂತಿಗಳನ್ನು ಪರಸ್ಪರ ಬದಲಿಸಿ. ಸ್ಪಿಂಡಲ್ ಜಾರದಂತೆ ಅದರ ಕೆಳಗೆ ಮರದ ತುಂಡೊಂದನ್ನು ಮೊದಲೇ ಇಟ್ಟಿರಿ. ಚಾಲೂ ಮಾಡಿದ ಮೇಲೆ ತುಂಡು ತೆಗೆದು, ನಾಲ್ಕೈದು ಮಿಲಿಮೀಟರಿನಷ್ಟು ಮಾತ್ರ ನಡೆಸಿ ನೋಡಿ. ಗ್ಯಾಂಟ್ರಿಯನ್ನು ಸರಿಸುವ ವೈ ಅಕ್ಷಕ್ಕೆ ಎರಡು ಮೋಟಾರುಗಳಿದ್ದರೆ ಅವುಗಳನ್ನು ಈ ಆಟಕ್ಕೆ ಸೇರಿಸಬೇಡಿ, ಗ್ಯಾಂಟ್ರಿ ಸೊಟ್ಟಗಾಗುತ್ತದೆ. ಈಗ ಝಡ್ ಮೋಟಾರು ನಡುಗಿದರೆ ದೋಷ ಎಕ್ಸ್ ಡ್ರೈವರಿನಲ್ಲಿ ಅಥವಾ ಅದಕ್ಕೆ ಬರುವ ಸಂಕೇತದಲ್ಲಿದೆ. ಎಕ್ಸ್ ಮೋಟಾರೇ ನಡುಗಿದರೆ ಮಾತ್ರ ಮೋಟಾರಿನ ಮೇಲೆ ದೂರು ಹೊರಿಸಬಹುದು.

ಪ್ರಶ್ನೆ: ಮೋಟಾರು ಮುಟ್ಟಲಾಗದಷ್ಟು ಬಿಸಿಯಾಗುತ್ತದೆ. ಕೆಟ್ಟಿದೆಯೇ? ಬಿಚ್ಚಿ ಶುಚಿ ಮಾಡಬಹುದೇ?

ಉತ್ತರ: ಸ್ಟೆಪ್ಪರ್ ಮೋಟಾರು ನಿಂತಿರುವಾಗಲೂ ಕರೆಂಟು ಎಳೆಯುತ್ತದೆ. ಸುರುಳಿಗಳ ಬಿ ದರ್ಜೆಯ ನಿರೋಧನ 130 ಡಿಗ್ರಿ ಸೆಲ್ಸಿಯಸ್‌ವರೆಗೆ ತಾಳುವುದರಿಂದ ಮೈ 70 ಡಿಗ್ರಿ ತಲುಪಿದರೂ ಗಾಬರಿ ಬೇಡ. ಡ್ರೈವರಿನ ಕರೆಂಟು ಮೋಟಾರಿನ ಫಲಕದಲ್ಲಿ ಬರೆದುದಕ್ಕಿಂತ ಹೆಚ್ಚಿದೆಯೇ, ನಿಂತಾಗ ಅರ್ಧ ಕರೆಂಟಿಗೆ ಇಳಿಸುವ ಸ್ವಿಚ್ಚು ಸರಿಯಾದ ಕಡೆಗಿದೆಯೇ ಎಂದು ನೋಡಿ. ಬಿಚ್ಚುವುದನ್ನಂತೂ ಮಾಡಲೇಬೇಡಿ. ತಿರುಗುವ ಒಳಭಾಗವಾದ ರೋಟರನ್ನು ಹೊರಗೆಳೆದರೆ ಅದರ ಅಯಸ್ಕಾಂತದ ಶಕ್ತಿ ಕುಗ್ಗುವ ಸಾಧ್ಯತೆಯಿದೆ. ಮತ್ತೆ ಜೋಡಿಸಿದ ಮೋಟಾರು ತಿರುಗೀತು, ಆದರೆ ತೇಗದ ಗಂಟು ಎದುರಾದಾಗ ಹೆಜ್ಜೆ ತಪ್ಪೀತು.